ಆಂಟ್ಲಿಯಾ: ಸೈಕಲ್ ಪಂಪು ಅಲ್ಲ

ಮುಂಬೈನವರಿಗೆ ಮೊದಲೇ ಹೇಳಿಬಿಡ್ತೀನಿ, ಇದು ಅಂಬಾನಿ ಅವರ ಮನೆಯ ವಿಷಯ ಅಲ್ಲ. ಆ ಮನೆ ಆಂಟಿಲಿಯಾ. ಹಳೆಯ ನಕ್ಷೆಗಳಲ್ಲಿ ಅಟ್ಲಾಂಟಿಕ್ ಸಮುದ್ರದಲ್ಲಿ ಬರೆಯುತ್ತಿದ್ದ, ನಿಜದಲ್ಲಿ ಇಲ್ಲದ ದ್ವೀಪವೊಂದಕ್ಕೂ ಅದೇ ಹೆಸರು. ನಾನು ಹೇಳ್ತಿರೋದು ಆಂಟ್ಲಿಯಾ, ಟಕಾರಕ್ಕೆ ಲ ಒತ್ತು. ದಕ್ಷಿಣದ ಆಕಾಶದ ಒಂದು ಮಂಕು ನಕ್ಷತ್ರಪುಂಜ.

ಹೋದ ಸಂಚಿಕೆಯಲ್ಲಿ ಇದನ್ನ ‘ಗಾಳಿ ಪಂಪು’ ಅಂತ ಒಂದೇ ಮಾತಲ್ಲಿ ಹೇಳಿ ಮುಂದೆ ಹೋದೆ. ಮನೆಯಲ್ಲಿ ಮಗಳು ಕೇಳಿದಳು, “ಸೈಕಲ್ ಪಂಪಾ ಅಪ್ಪಾ?” ಹೂಂ ಅಂದೆ. ಆಮೇಲೆ ಕೂತು ಓದಿದಾಗ ಗೊತ್ತಾಯ್ತು, ನಾನು ಹೇಳಿದ್ದು ತಪ್ಪು ಮಾತ್ರ ಅಲ್ಲ, ಪೂರ್ತಿ ಉಲ್ಟಾ. ಸೈಕಲ್ ಪಂಪು ಗಾಳಿ ತುಂಬುತ್ತೆ. ಇದು ಗಾಳಿ ತೆಗೆಯೋ ಯಂತ್ರ.

1751ರಲ್ಲಿ ಫ್ರಾನ್ಸ್‌ನ ನಿಕೋಲಾ ಲೂಯಿ ದ ಲಕಾಯ್ ಆಫ್ರಿಕಾದ ಕೇಪ್ ಆಫ್ ಗುಡ್ ಹೋಪ್‌ಗೆ ಹೋದರು. ಅರ್ಧ ಇಂಚಿನಷ್ಟೇ ಅಗಲದ ಮಸೂರವಿದ್ದ ಪುಟ್ಟ ದೂರದರ್ಶಕದಲ್ಲಿ ಹತ್ತಿರ ಹತ್ತಿರ 10,000 ನಕ್ಷತ್ರಗಳ ಸ್ಥಾನ ಅಳೆದರು. ಖಾಲಿ ಉಳಿದಿದ್ದ ಜಾಗಗಳಲ್ಲಿ 14 ಹೊಸ ಪುಂಜ ಮಾಡಿದರು. ದೇವತೆ ಇಲ್ಲ, ವೀರರಿಲ್ಲ. ಗಡಿಯಾರ, ಸೂಕ್ಷ್ಮದರ್ಶಕ, ಕುಲುಮೆ, ಹೆಚ್ಚುಕಡಿಮೆ ಎಲ್ಲವೂ ಉಪಕರಣಗಳೇ. ಇಂಜಿನಿಯರುಗಳಾದ ನಮಗೆ ಇಷ್ಟ ಆಗಬೇಕಾದ ಮನುಷ್ಯ!

1756ರಲ್ಲಿ ಅಚ್ಚಾದ ಅವರ ನಕ್ಷೆಯಲ್ಲಿ ಈ ಪುಂಜಕ್ಕೆ ಫ್ರೆಂಚ್ ಹೆಸರಿತ್ತು, ‘ಮಷೀನ್ ನ್ಯೂಮಾಟೀಕ್’. ಅವರು ತೀರಿಕೊಂಡ ಮೇಲೆ, 1763ರಲ್ಲಿ ಬಂದ ಪುಸ್ತಕದಲ್ಲಿ ಅದು ಲ್ಯಾಟಿನ್‌ನ ‘ಆಂಟ್ಲಿಯಾ ನ್ಯೂಮ್ಯಾಟಿಕಾ’ ಆಯ್ತು. ಪಾತ್ರೆಯೊಳಗಿನ ಗಾಳಿ ಎಳೆದುಹಾಕಿ ನಿರ್ವಾತ ಮಾಡುವ ಪಂಪು ಅಂತ ಅರ್ಥ. ಚಿತ್ರದಲ್ಲಿರೋದು 1670ರ ದಶಕದಲ್ಲಿ ಡೆನಿಸ್ ಪಾಪಿನ್ ಬಳಸಿದ ಮಾದರಿ. ಈ ಪಾಪಿನ್ ಯಾರು ಅಂದ್ರೆ, ನಮ್ಮ ಕುಕ್ಕರ್‌ನ ಮುತ್ತಾತ ಅನ್ನಬಹುದಾದ ಆವಿಪಾತ್ರೆಯನ್ನು 1679ರಲ್ಲಿ ಮಾಡಿ ತೋರಿಸಿದವರು. ಸೇಫ್ಟಿ ವಾಲ್ವ್ ಕೂಡ ಅವರದ್ದೇ. ಪಿಜಿಯಲ್ಲಿ ಮೂರು ಸೀಟಿಗೆ ಅನ್ನ ಮಾಡ್ಕೊಂಡವರೆಲ್ಲ ಒಂದು ಸಲ ಕೈಮುಗಿಯಿರಿ.

1844ರಲ್ಲಿ ಜಾನ್ ಹರ್ಷೆಲ್, ಎರಡು ಪದದ ಹೆಸರು ಉದ್ದ ಆಯ್ತು, ಒಂದೇ ಸಾಕು ಅಂತ ಸೂಚಿಸಿದರು. ‘ನ್ಯೂಮ್ಯಾಟಿಕಾ’ ಹೋಯ್ತು, ಅದರ ಜೊತೆ ಗಾಳಿಯೂ ಹೋಯ್ತು. ‘ವ್ಯಾಕ್ಯೂಮ್‌ಪಂಪ್’ ಅಂತಿದ್ದ ವೇರಿಯಬಲ್‌ನ ಯಾರೋ ಬರೀ ‘ಪಂಪ್’ ಅಂತ ರೀನೇಮ್ ಮಾಡಿ ಕಮಿಟ್ ಮಾಡಿದ ಹಾಗೆ. ಮುಂದೆ ಆ ಕೋಡ್ ಓದೋವ್ರು ನನ್ನ ಥರ ಸೈಕಲ್ ಪಂಪು ಅಂದ್ಕೋತಾರೆ. ಓದಿದಾಗ ನಿಜಕ್ಕೂ ಸಿಟ್ಟು ಬಂತು.

ಆಮೇಲೆ ಉಳಿದ ಪದದ ಬೇರು ನೋಡಿದೆ. ಲ್ಯಾಟಿನ್‌ನಲ್ಲಿ ಆಂಟ್ಲಿಯಾ ಅಂದ್ರೆ ನೀರೆತ್ತುವ ಯಂತ್ರ, ನಮ್ಮ ಏತದ ಬಳಗದ್ದು. ಪದ ಬಂದಿದ್ದು ಗ್ರೀಕ್‌ನಿಂದ. ಅಲ್ಲಿ ಅದು ಹಡಗಿನ ತಳದಲ್ಲಿ ನಿಂತ ನೀರು. ಆ ನೀರನ್ನ ಮೊಗೆದು ಆಚೆ ಚೆಲ್ಲುವ ಕ್ರಿಯಾಪದವೂ ಅದರದ್ದೇ ಕುಟುಂಬ. ಅಂದ್ರೆ ಗಾಳಿ ಹೋದರೂ ‘ಖಾಲಿ ಮಾಡು’ ಅನ್ನೋದು ಒಳಗೇ ಉಳಿದಿದೆ. ಹರ್ಷೆಲ್ ಮೇಲಿನ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿದಿಲ್ಲ. ಕನ್ನಡದಲ್ಲಿ ನನ್ನನ್ನ ಕೇಳಿದ್ರೆ ‘ರೇಚಕ’ ಅಂತೀನಿ. ಪ್ರಾಣಾಯಾಮ ಮಾಡಿದವರಿಗೆ ವಿವರಿಸಬೇಕಿಲ್ಲ, ಉಸಿರು ಹೊರಬಿಡೋದು.

ಇನ್ನೊಂದು ಸಣ್ಣ ವಿಷಯ. ಪುಸ್ತಕದಲ್ಲಿ ‘ಆಲ್ಫಾ ಆಂಟ್ಲಿಯೆ’ ಅಂತ ಕಂಡ್ರೆ ಅದು ಅಚ್ಚಿನ ತಪ್ಪಲ್ಲ, ಷಷ್ಠೀ ವಿಭಕ್ತಿ. ಆಂಟ್ಲಿಯಾದ ಆಲ್ಫಾ. ಶಾಲೆಯಲ್ಲಿ ‘ರಾಮನ, ಮರದ’ ಅಂತ ಬಾಯಿಪಾಠ ಮಾಡಿದ ನಮಗೆ ಇದು ಹೊಸದೇನಲ್ಲ. ಮೂರಕ್ಷರದ ಸಂಕೇತ ಎ-ಎನ್-ಟಿ. ಹಳೆಯ ಜಾವಾ ಪ್ರಾಜೆಕ್ಟುಗಳ ಬಿಲ್ಡ್ ಫೈಲ್ ನೆನಪಾದವರು ವಯಸ್ಸು ಬಿಟ್ಟುಕೊಟ್ಟ ಹಾಗೆ.

ಆ ಆಲ್ಫಾಗೆ ಸ್ವಂತ ಹೆಸರಿಲ್ಲ. ಕಾಂತಿಮಾನ ಸುಮಾರು 4.25, ಪುಂಜದ ಅತಿ ಪ್ರಕಾಶದ ನಕ್ಷತ್ರವೇ ಇಷ್ಟು ಮಂಕು. ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿಗೂ ಈ ಭಾಗ ದಿಗಂತದ ಮೇಲೇ ಬರುತ್ತಿತ್ತು, ಆದರೂ ಅವರ ಪುಂಜಗಳಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. ಇಂಥ ಕಡೆಯೇ 2018ರಲ್ಲಿ, ಗಾಯಾ ಉಪಗ್ರಹದ ಡೇಟಾ ಜಾಲಾಡುವಾಗ ‘ಆಂಟ್ಲಿಯಾ 2’ ಅನ್ನೋ ಗೆಲಾಕ್ಸಿ ಸಿಕ್ಕಿತು. ಅಗಲದಲ್ಲಿ ದೊಡ್ಡ ಮೆಗಲಾನಿಕ್ ಮೋಡದಷ್ಟು, ಬೆಳಕು ಮಾತ್ರ ಅದರ ಸಾವಿರಾರು ಪಾಲಿನಲ್ಲಿ ಒಂದು. ಅಷ್ಟು ದೊಡ್ಡದು ಅಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನೋಡಬೇಕು ಅಂದ್ರೆ ಏಪ್ರಿಲ್ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ. ನೆತ್ತಿಯ ಹತ್ತಿರ ಸಿಂಹರಾಶಿಯ ಮಖಾ ಇರುತ್ತೆ. ಅಲ್ಲಿಂದ ನೇರ ಕೆಳಗೆ ಇಳೀರಿ. ಚಾಚಿದ ಕೈಯ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಮುಂಬೈ, ಪುಣೆ, ಹೈದರಾಬಾದ್‌ನಲ್ಲಿ ದಿಗಂತದಿಂದ ನಾಲ್ಕು ಮುಷ್ಟಿ ಮೇಲೆ, ಚೆನ್ನೈನಲ್ಲಿ ನಾಲ್ಕೂವರೆ, ದೆಹಲಿಯಲ್ಲಿ ಮೂರೇ. ಅಪಾರ್ಟ್‌ಮೆಂಟ್ ಟೆರೇಸ್‌ನಿಂದ ಬರಿಗಣ್ಣಿಗೆ ಏನೂ ಕಾಣಲ್ಲ. ಬೈನಾಕ್ಯುಲರ್ ಇದ್ರೆ ಕಿತ್ತಳೆ ಬಣ್ಣದ ಒಂದು ಚುಕ್ಕಿ. ಊರಿಗೆ ಹೋದಾಗ, ಬೀದಿದೀಪ ಇಲ್ಲದ ಗದ್ದೆ ಬದಿಯಲ್ಲಿ ನಿಂತು ನೋಡಿ. ನಾನು ಮಗಳನ್ನ ಕರ್ಕೊಂಡು ಹೋಗೋನಿದ್ದೀನಿ. ಸೈಕಲ್ ಪಂಪಿನ ಬಾಕಿ ಇದೆ.