ಏಳು ತುಂಡುಗಳ ಘನ

ಆಟವನ್ನು ಆಡುವುದು ಒಂದು ಸುಖ. ಅದನ್ನು ರಚಿಸುವುದು ಮತ್ತೊಂದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಎರಡನೆಯದರ ರುಚಿಯನ್ನು ಚೆನ್ನಾಗಿ ಬಲ್ಲವರು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಬರುವ ದಾರಿಗಳನ್ನು ಅವರು ತಾವೇ ರಚಿಸಿದರು. ಈ ಸುಖವು ಅರಸರಿಗೆ ಮಾತ್ರ ಮೀಸಲಲ್ಲ. ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ಬಡಗಿಯ ಬಳಿ ಮಿಕ್ಕ ಮೂರಡಿಯ ರೀಪೊಂದು ದೊರೆತರೆ ಯಾವ ಗೃಹಸ್ಥನಿಗೂ ಅದು ಲಭ್ಯವೇ.

ನಾವು ಮಾಡಹೊರಟಿರುವುದು ಡೆನ್ಮಾರ್ಕಿನ ಪೀಟ್ ಹೈನ್ ಎಂಬ ಕವಿ 1930ರ ದಶಕದಲ್ಲಿ ಕಲ್ಪಿಸಿದ ‘ಸೋಮಾ’ ಘನವನ್ನು. ಮೂರು ಅಥವಾ ನಾಲ್ಕು ಸಮಘನಗಳನ್ನು ಮುಖಕ್ಕೆ ಮುಖ ಸೇರಿಸಿ, ಎಲ್ಲಿಯಾದರೂ ಒಂದು ಒಳಮೂಲೆ ಬರುವಂತೆ ಎಷ್ಟು ಆಕಾರಗಳನ್ನು ಮಾಡಬಹುದು? ಏಳನ್ನು ಮಾತ್ರ. ಮೂರು ಘನಗಳದು ಒಂದು, ನಾಲ್ಕು ಘನಗಳವು ಆರು. ಒಟ್ಟು 27 ಘನಗಳು. ಮೂರು ಮೂರಲೆ ಒಂಬತ್ತು, ಒಂಬತ್ತು ಮೂರಲೆ ಇಪ್ಪತ್ತೇಳು! ಈ ಏಳು ತುಂಡುಗಳೂ ಕೂಡಿ ಒಂದು ದೊಡ್ಡ ಘನವಾಗುತ್ತವೆ.

ರೀಪನ್ನು ಮೊದಲು ಕೀಸುಳಿಯಿಂದ ಹೆರೆದು ಒಂದಂಗುಲದ ಚಚ್ಚೌಕಕ್ಕೆ ತಂದು, ಬಳಿಕ ಮೂಲೆಮಟ್ಟದಿಂದ ಗೆರೆಯೆಳೆದು ಒಂದೊಂದಂಗುಲಕ್ಕೆ ಕೊಯ್ಯಬೇಕು. ಹೀಗೆ ಮಾಡಿದರೆ ಅಗಲ ದಪ್ಪಗಳು ಎಲ್ಲಕ್ಕೂ ಒಂದೇ ಆಗಿ, ತಪ್ಪುವ ಸಂಭವ ಉದ್ದದಲ್ಲಿ ಮಾತ್ರ ಉಳಿಯುತ್ತದೆ. ಅಲ್ಲಿಯೂ ಎಚ್ಚರ ಬೇಕು. ಮೂರು ಘನಗಳು ಸಾಲಾಗಿ ನಿಂತೆಡೆ ತಪ್ಪು ಮೂರು ಪಟ್ಟಾಗಿ, ಕೊನೆಯ ತುಂಡು ಒಳಗಿಳಿಯದೆ ಹೋಗುತ್ತದೆ. ಮರಳುಕಾಗದದಿಂದ ಉಜ್ಜಿ, ಗೋಂದು ಹಚ್ಚದೆ ಒಮ್ಮೆ ಜೋಡಿಸಿ ನೋಡಿ, ಆಮೇಲೆ ಅಂಟಿಸುವುದು ಲೇಸು. ಕೊಯ್ದ ತಲೆಯ ಕಡೆ ಗೋಂದನ್ನು ಹೀರಿಬಿಡುವುದರಿಂದ ಆದಷ್ಟೂ ಪಕ್ಕಕ್ಕೆ ಪಕ್ಕವನ್ನೇ ಅಂಟಿಸಬೇಕು.

ಜೋಡಿಸುವ ರೀತಿಗಳು, ತಿರುಗಿಸಿದುವನ್ನೂ ಕನ್ನಡಿಯ ಪ್ರತಿಬಿಂಬಗಳನ್ನೂ ಬಿಟ್ಟು, 240 ಎಂದು ಗಣಿತಜ್ಞರು 1961ರಲ್ಲಿ ಎಣಿಸಿದರು. ಆದರೂ ಕೈಗೆ ಒಂದು ಸುಲಭವಾಗಿ ಬಾರದು. ಆಗ ಮೂಲೆಗಳನ್ನು ಎಣಿಸಿ ನೋಡೋಣ. ದೊಡ್ಡ ಘನಕ್ಕೆ ಮೂಲೆಗಳು ಎಂಟು. ಇಂಗ್ಲಿಷಿನ ‘ಎಲ್’ ಅಕ್ಷರದಂತಹ ತುಂಡು ಹೆಚ್ಚೆಂದರೆ ಎರಡನ್ನು ತುಂಬಬಲ್ಲದು; ‘ಟಿ’ಯಂತಹದು ಎರಡನ್ನು ತುಂಬುತ್ತದೆ, ಇಲ್ಲವೇ ಒಂದನ್ನೂ ತುಂಬದು; ಉಳಿದ ಐದು ತುಂಡುಗಳು ಒಂದೊಂದಕ್ಕಿಂತ ಹೆಚ್ಚು ತುಂಬಲಾರವು. ‘ಟಿ’ಯನ್ನು ಬಿಟ್ಟರೆ ಏಳೇ ಮೂಲೆ! ಆದುದರಿಂದ ಅದರ ಮೂರು ಘನಗಳ ಸಾಲು ದೊಡ್ಡ ಘನದ ಅಂಚಿನ ಮೇಲೆಯೇ ಮಲಗಬೇಕು. ಒಂದು ತುಂಡನ್ನೂ ಮುಟ್ಟದೆ ಇಷ್ಟು ತಿಳಿಯಿತು. ರೇಖಾಗಣಿತದ ಬಲ ಇಂತಹದು.

ಮಕ್ಕಳು ತಾವೇ ಕೊಯ್ದು, ಉಜ್ಜಿ, ಅಂಟಿಸಿದ ತುಂಡುಗಳಲ್ಲಿ ಈ ಮಾತು ಅವರ ಕೈಗೇ ತಿಳಿಯುತ್ತದೆ. ಹಿರಿಯರು ಗರಗಸ ಹಿಡಿಯುವಾಗ ಜೊತೆಗಿದ್ದರೆ ಸಾಕು, ಜೋಡಿಸುವಾಗ ಸುಮ್ಮನಿರಬೇಕು.