ಹೆಸರು ಅವರದು, ಅಂಗಡಿ ನಮ್ಮದು



ಇವತ್ತು ಒಂದು ಕಷ್ಟದ ಪದ ಓದೋಣ. ಫ್ರಾಂಚೈಸಿ. ಬಿಡಿಸಿ ಓದಿ. ಫ್ರಾಂ - ಚೈ - ಸಿ. ನಾಲಿಗೆ ಹೊರಳುವುದು ಕಷ್ಟ. ಅರ್ಥ ಮಾತ್ರ ಸುಲಭ.

ಪೇಟೆಯಲ್ಲಿ ಒಂದೇ ಹೆಸರಿನ ಹಲವು ಅಂಗಡಿ ನೋಡಿದ್ದೀರಿ. ಒಂದೇ ಬಣ್ಣದ ಬೋರ್ಡು. ಒಂದೇ ರುಚಿಯ ಟೀ, ಒಂದೇ ಥರದ ಐಸ್‌ಕ್ರೀಮು. ಎಲ್ಲಕ್ಕೂ ಮಾಲೀಕರು ಒಬ್ಬರೇ ಇರಬೇಕು ಅನ್ನಿಸುತ್ತದೆ. ಎಷ್ಟೋ ಕಡೆ ಹಾಗಿಲ್ಲ. ಹೆಸರು ಕಂಪನಿಯದು. ಅಂಗಡಿಗೆ ದುಡ್ಡು ಹಾಕಿದವರು ಬೇರೆ. ಬಾಡಿಗೆ, ಕರೆಂಟು, ಕೆಲಸದವರ ಸಂಬಳ ಎಲ್ಲಾ ಅವರ ತಲೆ ಮೇಲೆ. ಕಂಪನಿ ತನ್ನ ಹೆಸರು ಕೊಡುತ್ತದೆ. ಕೆಲಸ ಕಲಿಸುತ್ತದೆ. ಅದಕ್ಕೆ ಹಣ ತೆಗೆದುಕೊಳ್ಳುತ್ತದೆ. ಈ ಏರ್ಪಾಡಿಗೆ ಫ್ರಾಂಚೈಸಿ ಅಂತಾರೆ.

ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿದವಳು ಒಬ್ಬ ಮನೆಗೆಲಸದ ಹೆಂಗಸು! ಹೆಸರು ಮಾರ್ಥಾ ಹಾರ್ಪರ್. ಹುಟ್ಟಿದ್ದು 1857ರಲ್ಲಿ, ಕೆನಡಾ ದೇಶದಲ್ಲಿ. ಏಳು ವರ್ಷಕ್ಕೇ ಪರರ ಮನೆಗೆ ಕೆಲಸಕ್ಕೆ ಹೋದಳು. ಸುಮಾರು ಇಪ್ಪತ್ತೈದು ವರ್ಷ ಅದೇ ಬದುಕು. ದೊಡ್ಡವಳಾದ ಮೇಲೆ ಅಮೆರಿಕಾಕ್ಕೆ ಬಂದಳು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನಲ್ಲಿ ದುಡಿದಳು. 1888ರಲ್ಲಿ, ಕೂಡಿಟ್ಟ 360 ಡಾಲರ್ ಹಾಕಿ, ಕೂದಲ ಆರೈಕೆಯ ಅಂಗಡಿ ತೆರೆದಳು. ಅವಳ ಕೂದಲು ಪಾದ ಮುಟ್ಟುವಷ್ಟು ಉದ್ದ. ಬೇರೆ ಜಾಹೀರಾತು ಯಾಕೆ ಬೇಕು?

ಗಿರಾಕಿಗಳು ಹೆಚ್ಚಿದರು. ಬೇರೆ ಊರಿನವರೂ ಕರೆದರು. ಒಬ್ಬಳೇ ಎಷ್ಟು ಕಡೆ ಹೋದಾಳು? 1891ರಿಂದ ಬೇರೆ ಹೆಂಗಸರಿಗೆ ತನ್ನ ಹೆಸರಿನಲ್ಲಿ ಅಂಗಡಿ ತೆರೆಯಲು ಕೊಟ್ಟಳು. ಕೆಲಸ ತಾನೇ ಕಲಿಸಿದಳು. ಮೊದಲ ನೂರು ಅಂಗಡಿಗಳು ದುಡಿದು ತಿನ್ನುವ ಬಡ ಹೆಂಗಸರಿಗೇ ಸಿಕ್ಕವು. ಮುಂದೆ ಸುಮಾರು 500 ಅಂಗಡಿಗಳಾದವು.

ಆದರೆ ಹೆಸರು ಕೊಡುವವರೆಲ್ಲ ಮಾರ್ಥಾ ಅಲ್ಲ. ಮುಂದೆ ಅಮೆರಿಕಾದಲ್ಲಿ ಇಂಥ ವ್ಯಾಪಾರ ಬಹಳ ಬೆಳೆಯಿತು. ಮೋಸವೂ ಬೆಳೆಯಿತು. "ತಿಂಗಳಿಗೆ ಇಷ್ಟು ಲಾಭ ಗ್ಯಾರಂಟಿ" ಅಂದು ದುಡ್ಡು ಎಣಿಸಿಕೊಂಡು ಹೋದವರು ಇದ್ದರು. ಜನ ಇದ್ದದ್ದನ್ನೂ ಕಳೆದುಕೊಂಡರು.

ಅಲ್ಲಿ ಐವತ್ತು ರಾಜ್ಯಗಳಿವೆ. ರಾಜ್ಯಗಳು ತಮ್ಮ ತಮ್ಮ ಕಾನೂನು ಮಾಡಿಕೊಳ್ಳುತ್ತವೆ. ಇದಕ್ಕೆ ಮೊದಲು ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾ ರಾಜ್ಯ, 1970ರಲ್ಲಿ. ಕಂಪನಿ ಮೊದಲು ತನ್ನ ವಿವರಗಳನ್ನು ಸರ್ಕಾರದಲ್ಲಿ ದಾಖಲು ಮಾಡಬೇಕು. ಆಮೇಲೆ ಜನರ ಹತ್ತಿರ ಹೋಗಬೇಕು. ಮಾರ್ಥಾ ಅಂಗಡಿ ಇಟ್ಟಿದ್ದ ನ್ಯೂಯಾರ್ಕ್ ರಾಜ್ಯವೂ 1980ರಲ್ಲಿ ಇಂಥ ಕಾನೂನು ಮಾಡಿತು. ವಿಸ್ಕಾನ್ಸಿನ್ ಅನ್ನುವ ರಾಜ್ಯದ್ದು ಇನ್ನೊಂದು ಬಗೆ. ಅಲ್ಲಿ ಕಂಪನಿ ಏಕಾಏಕಿ "ನಾಳೆಯಿಂದ ನಮ್ಮ ಹೆಸರು ತೆಗೆಯಿರಿ" ಅನ್ನುವಂತಿಲ್ಲ. ಸಾಮಾನ್ಯವಾಗಿ 90 ದಿನ ಮೊದಲೇ, ಕಾರಣ ಬರೆದು, ನೋಟೀಸು ಕೊಡಬೇಕು. ತಪ್ಪು ತಿದ್ದಿಕೊಳ್ಳಲು 60 ದಿನ ಬಿಡಬೇಕು. ಎಷ್ಟೋ ರಾಜ್ಯಗಳಲ್ಲಿ ಇಂಥ ಕಾನೂನೇ ಇಲ್ಲ.

ಇಡೀ ದೇಶಕ್ಕೆ ಒಂದು ನಿಯಮ 1979ರಲ್ಲಿ ಜಾರಿಗೆ ಬಂತು. ಈಗ ಅದು ಹೀಗಿದೆ. ಸಹಿ ಹಾಕಿಸುವ, ಹಣ ಪಡೆಯುವ 14 ದಿನ ಮೊದಲೇ ಕಂಪನಿ ಒಂದು ಪುಸ್ತಕ ಕೊಡಬೇಕು. ಅದರಲ್ಲಿ 23 ವಿಷಯ ಇರಬೇಕು. ಒಟ್ಟು ಖರ್ಚು ಎಷ್ಟು? ಕಂಪನಿಯ ಮೇಲೆ ಕೇಸು ಇದೆಯೇ? ಎಷ್ಟು ಅಂಗಡಿ ಮುಚ್ಚಿದವು? ನನಗೆ ಬಹಳ ಮೆಚ್ಚುಗೆಯಾದದ್ದು ಇನ್ನೊಂದು. ಅಂಗಡಿ ನಡೆಸುತ್ತಿರುವವರ ಹೆಸರು ಕೊಡಬೇಕು. ಹಿಂದಿನ ವರ್ಷ ಬಿಟ್ಟು ಹೋದವರ ಹೆಸರು, ಫೋನ್ ನಂಬರನ್ನೂ ಕೊಡಬೇಕು. ಬಿಟ್ಟವರನ್ನು ಕೇಳಿದರೆ ತಾನೇ ನಿಜ ತಿಳಿಯುವುದು?

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಬೇರೆ ಕಾನೂನಿಲ್ಲ. 1872ರ ಕರಾರು ಕಾಯಿದೆಯೇ ಇದಕ್ಕೂ ಆಗಬೇಕು. ಸುಳ್ಳು ಹೇಳಿ ಸಹಿ ಹಾಕಿಸಿಕೊಂಡರೆ ಆ ಕರಾರನ್ನು ಕೋರ್ಟಿನಲ್ಲಿ ರದ್ದು ಮಾಡಿಸಬಹುದು. ಆದರೆ ಅದು ದುಡ್ಡು ಹೋದ ಮೇಲಿನ ಮಾತು. ಮೊದಲೇ ವಿವರ ಕೊಡಿ ಅಂತ ನಾವೇ ಕೇಳಬೇಕು.

ಕೇಳಬೇಕಾದ್ದರಲ್ಲಿ ದೊಡ್ಡದು ಒಂದಿದೆ. ಕಂಪನಿಯ ಪಾಲು ಯಾವುದರ ಮೇಲೆ? ಲಾಭದ ಮೇಲೋ, ವ್ಯಾಪಾರದ ಮೇಲೋ? ಸಾಮಾನ್ಯವಾಗಿ ವ್ಯಾಪಾರದ ಮೇಲೆ. ಪೆನ್ಸಿಲ್ ಹಿಡಿಯಿರಿ, ಲೆಕ್ಕ ಮಾಡೋಣ.

ಒಂದು ತಿಂಗಳು 60,000 ರೂಪಾಯಿ ವ್ಯಾಪಾರ ಆಯಿತು ಅಂದುಕೊಳ್ಳಿ. ಸಾಮಾನಿಗೆ 36,000. ಬಾಡಿಗೆ 6,000. ಸಂಬಳ 12,000. ಕರೆಂಟು 2,000. ಒಟ್ಟು ಖರ್ಚು 56,000. ಉಳಿದದ್ದು 4,000. ಕಂಪನಿಗೆ ನೂರಕ್ಕೆ ಐದು ರೂಪಾಯಿ ಅಂದರೆ 3,000. ಅದು ಹೋಗುವುದು ಉಳಿದ ನಾಲ್ಕು ಸಾವಿರದಿಂದ. ನಮ್ಮ ಕೈಗೆ ಬರೀ ಸಾವಿರ!

ಮುಂದಿನ ತಿಂಗಳು ಮಳೆ. ವ್ಯಾಪಾರ 50,000ಕ್ಕೆ ಇಳಿಯಿತು. ಸಾಮಾನಿಗೆ 30,000. ಬಾಡಿಗೆ, ಸಂಬಳ, ಕರೆಂಟು ಇಳಿಯಲಿಲ್ಲ. ಅದೇ 20,000. ಉಳಿದದ್ದು ಸೊನ್ನೆ. ಆದರೂ ಕಂಪನಿಗೆ 2,500 ಕೊಡಲೇಬೇಕು. ಎಲ್ಲಿಂದ? ಸಂಘದ ಸಾಲದಿಂದ? ಕಿವಿಯ ಓಲೆಯಿಂದ?

ಸಾಮಾನು ಅವರ ಹತ್ತಿರವೇ ಕೊಳ್ಳಬೇಕೇ? ರೇಟು ಏರಿಸಿದರೆ ನಾವೇನು ಮಾಡುವುದು? ನಮ್ಮ ಬೀದಿಯಲ್ಲೇ ಇನ್ನೊಬ್ಬರಿಗೆ ಅದೇ ಹೆಸರು ಕೊಡುತ್ತಾರೋ? ಕರಾರು ಎಷ್ಟು ವರ್ಷ? ನಡುವೆ ಬಿಟ್ಟರೆ ಮೊದಲು ಕಟ್ಟಿದ ಹಣ ವಾಪಸ್ಸು ಬರುತ್ತದೋ? ಇವನ್ನೂ ಕೇಳಿ. "ಅದೆಲ್ಲ ನೋಡಿಕೊಳ್ಳೋಣ ಬಿಡಮ್ಮಾ" ಅಂದರೆ ಸಾಲದು. ಬಾಯಿಮಾತು ಬೇಡ, ಬರೆದು ಕೊಡಲಿ.

ಇನ್ನೊಂದು ಮೋಸ ಮೊಬೈಲಿನಲ್ಲಿ ಬರುತ್ತದೆ. ದೊಡ್ಡ ಕಂಪನಿಯ ಹೆಸರು ಹೇಳಿ "ನಿಮಗೆ ಏಜೆನ್ಸಿ ಸಿಕ್ಕಿದೆ, ಇವತ್ತೇ ಅಡ್ವಾನ್ಸ್ ಕಳಿಸಿ" ಅಂತಾರೆ. ಕಂಪನಿಗೂ ಅವರಿಗೂ ಸಂಬಂಧವೇ ಇರುವುದಿಲ್ಲ. ಕಳಿಸಿಬಿಟ್ಟಿದ್ದರೆ ಅಳುತ್ತಾ ಕೂರಬೇಡಿ. ತಕ್ಷಣ 1930 ನಂಬರಿಗೆ ಫೋನ್ ಮಾಡಿ.

ಕರಾರು ಪತ್ರ ಇಂಗ್ಲಿಷಿನಲ್ಲಿ ಇದ್ದರೆ? ಸಹಿ ಹಾಕದೆ ಒಂದು ಪ್ರತಿ ಇಸಿದುಕೊಳ್ಳಿ. ತಾಲ್ಲೂಕು ಕೋರ್ಟಿಗೆ ಹೋಗಿ, ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ವಿಚಾರಿಸಿ. 1987ರ ಕಾನೂನಿನಂತೆ ಅಲ್ಲಿ ಹೆಂಗಸರಿಗೆ ವಕೀಲರ ನೆರವು ಉಚಿತ. ಆದಾಯದ ಮಿತಿ ಇಲ್ಲ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಪತ್ರವನ್ನು ಮುಂದಿಟ್ಟು, ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿ ಅನ್ನಿ. ನೋಟ್‌ಬುಕ್ ಜೊತೆಗಿರಲಿ. ಅವರು ಹೇಳಿದ್ದನ್ನು ನಿಮ್ಮ ಕೈಯಲ್ಲೇ ಬರೆದುಕೊಳ್ಳಿ.