ಯೋಗ್ಯಕರ್ತದ ತೊಗಲುಗೊಂಬೆ ಕಲಾವಿದರೊಡನೆ ಒಂದು ಸಂಜೆ



ಸಿಂಗಾಪುರದಲ್ಲಿರುವ ಮಗ ನನ್ನನ್ನೂ ನನ್ನ ಮನೆಯವರನ್ನೂ ಇಂಡೋನೇಷ್ಯಾದ ಯೋಗ್ಯಕರ್ತಕ್ಕೆ ಕರೆದುಕೊಂಡು ಹೋಗಿದ್ದ. ಪ್ರಂಬನನ್ ದೇವಾಲಯದ ರಾಮಾಯಣ ಶಿಲ್ಪ ನೋಡಲೆಂದು ಹೋದವರಿಗೆ ಅಲ್ಲಿ ಒಬ್ಬ ತೊಗಲುಗೊಂಬೆ ಕಲಾವಿದರ ಪರಿಚಯವಾಯಿತು. ಅವರಿಂದ ತಿಳಿದದ್ದನ್ನು ನಿಮಗೆ ಹೇಳಬೇಕೆಂದು ಬರೆಯುತ್ತಿದ್ದೇನೆ.

ಅಲ್ಲಿ ಈ ಆಟಕ್ಕೆ 'ವಯಾಂಗ್ ಕುಲಿತ್' ಎಂದು ಹೆಸರು. 'ಕುಲಿತ್' ಎಂದರೆ ತೊಗಲು. ಎಮ್ಮೆಯ ತೊಗಲನ್ನು ಹದಮಾಡಿ, ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು, ಬಣ್ಣ ಹಾಕಿ, ಕೊಂಬಿನ ಹಿಡಿ ಕೂಡಿಸುತ್ತಾರೆ. ನಮ್ಮ ಕಡೆಯ ಗೊಂಬೆಗಳ ಬಣ್ಣ ಪರದೆಯ ಮೇಲೆ ಕಾಣುತ್ತದೆ; ಅಲ್ಲಿ ಕಾಣುವುದು ಹೆಚ್ಚಾಗಿ ಕಪ್ಪು ನೆರಳು. ಆಡಿಸುವವರನ್ನು 'ದಲಾಂಗ್' ಎನ್ನುತ್ತಾರೆ. ಒಬ್ಬರೇ ಬೆಳಗಿನವರೆಗೆ ಕುಳಿತು ಎಲ್ಲ ಪಾತ್ರಗಳ ಮಾತಾಡುತ್ತಾರೆ, ಮರದ ಪೆಟ್ಟಿಗೆಗೆ ಕುಟ್ಟಿ ಮೇಳದವರಿಗೆ ಸೂಚನೆ ಕೊಡುತ್ತಾರೆ. ಯುನೆಸ್ಕೋ 2003ರಲ್ಲಿ ಈ ಕಲೆಗೆ ಮಾನ್ಯತೆ ನೀಡಿತು.

ಕಥೆ ಹೆಚ್ಚಾಗಿ ಮಹಾಭಾರತ, ರಾಮಾಯಣದ್ದೇ. ಆದರೆ ಪಾಂಡವರ ಜೊತೆ ಸೆಮಾರ್ ಎಂಬ ಮುದುಕ ಸೇವಕನೂ ಅವನ ಮಕ್ಕಳಾದ ಗಾರೆಂಗ್, ಪೆತ್ರುಕ್, ಬಾಗೋಂಗ್ ಎಂಬುವರೂ ಬರುತ್ತಾರೆ. ಇವರು ವ್ಯಾಸರ ಭಾರತದಲ್ಲಿಲ್ಲ. ರಾಜರು ಆಸ್ಥಾನದ ಜಾವಾ ಭಾಷೆ ಆಡಿದರೆ ಇವರದು ಬೀದಿಯ ಮಾತು, ಇಂದಿನ ಸಂಗತಿ, ತಮಾಷೆ. ನಮ್ಮ ಗೊಂಬೆಯಾಟದ ಕಿಳ್ಳೇಕ್ಯಾತ, ಬಂಗಾರಕ್ಕ ನೆನಪಾದರು.

ಆ ದೇಶದ ಆಡಳಿತ ಭಾಷೆ, ಶಾಲೆಯ ಭಾಷೆ ಇಂಡೋನೇಷ್ಯನ್. ಆಟ ಮಾತ್ರ ಜಾವಾ ಭಾಷೆಯಲ್ಲಿ. "ಈಗಿನ ಹುಡುಗರಿಗೆ ಅರ್ಥವಾಗುತ್ತದೆಯೇ?" ಎಂದು ಮಾರ್ಗದರ್ಶಿಯ ಮೂಲಕ ಕೇಳಿದೆ.

"ರಾಜರ ಮಾತು ಅರ್ಧ ಅರ್ಥವಾಗುವುದಿಲ್ಲ. ಸೆಮಾರ್ ಬಂದರೆ ನಗುತ್ತಾರೆ. ನಕ್ಕವರು ಎದ್ದು ಹೋಗುವುದಿಲ್ಲ, ಉಳಿದದ್ದನ್ನು ಅಜ್ಜನ ಹತ್ತಿರ ಕೇಳುತ್ತಾರೆ" ಎಂದರು.

ನನಗೆ ಕಳೆದ ರಾಜ್ಯೋತ್ಸವ ನೆನಪಾಯಿತು. ತೆಲುಗು ಬೆರೆಸಿ ಕನ್ನಡ ಮಾತಾಡಿದ ಹುಡುಗನೊಬ್ಬನನ್ನು ನಾನೇ ಮೈಕು ಹಿಡಿದು ಎಲ್ಲರೆದುರು ತಿದ್ದಿದ್ದೆ. ಆಮೇಲೆ ಅವನು ನಮ್ಮ ಯಾವ ಕಾರ್ಯಕ್ರಮಕ್ಕೂ ಬಂದಿಲ್ಲ. ನಮ್ಮಲ್ಲಿ ತಲೆಮಾರುಗಳಿಂದ ಕನ್ನಡದಲ್ಲಿ ಗೊಂಬೆ ಆಡಿಸಿದ ಕಿಳ್ಳೇಕ್ಯಾತ ಸಮುದಾಯದವರ ಮನೆಮಾತು ಮರಾಠಿಗೆ ಹತ್ತಿರದ್ದು. ಅವರ ಕನ್ನಡವನ್ನು ನಾವು ಊರೆಲ್ಲ ಕೂತು ಕೇಳಲಿಲ್ಲವೇ?

ಆದ್ದರಿಂದ ಒಂದು ಸಲಹೆ. ಮುಂದಿನ ಕಾರ್ಯಕ್ರಮಗಳಲ್ಲಿ ಅರ್ಧ ಗಂಟೆ ಮಕ್ಕಳಿಗೇ ಇರಲಿ. ಅವರು ಮನೆಯಲ್ಲಿ, ಬೀದಿಯಲ್ಲಿ ಆಡುವ ಕನ್ನಡದಲ್ಲೇ ಕಥೆ, ಪ್ರಹಸನ ಮಾಡಲಿ. ವೇದಿಕೆಯ ಮೇಲೆ ಯಾರೂ ತಿದ್ದುವುದು ಬೇಡ. ತಿಳಿಹೇಳಬೇಕಾದ್ದನ್ನು ಆಮೇಲೆ ಊಟಕ್ಕೆ ಕುಳಿತಾಗ ಪಕ್ಕದಲ್ಲಿ ಕೂರಿಸಿಕೊಂಡು ಹೇಳೋಣ. ಸದಸ್ಯರು ತಮ್ಮ ಅಭಿಪ್ರಾಯವನ್ನು ಮಾಸಿಕ ಸಭೆಯಲ್ಲಿ ತಿಳಿಸಬೇಕಾಗಿ ವಿನಂತಿ.

ಆ ಹುಡುಗನ ಮನೆಗೆ ಈ ಭಾನುವಾರ ನಾನೇ ಹೋಗಿ ಕರೆದು ಬರುತ್ತೇನೆ.

ಇಂತಿ ನಿಮ್ಮ,
ಕಾರ್ಯದರ್ಶಿ